ಜಾಲಪುಟಕ್ಕೆ ತಕ್ಕ ಕಂಪೈಲರು ಯಾವುದು?

ಗೋಣಿಬೀಡಿನ ವಿದ್ಯಾರ್ಥಿಯೊಬ್ಬನು ಹಳೆಯ ಫೋನಿನಲ್ಲಿ ಪರೀಕ್ಷೆಯ ಫಲಿತಾಂಶದ ಪುಟವನ್ನು ತೆರೆದನೆಂದು ಭಾವಿಸೋಣ. ಪ್ರಶ್ನಾರ್ಥಕ ಚಿಹ್ನೆಯ ಬೆನ್ನಿಗೆ ಚುಕ್ಕಿಯಿಡುವ ಬರವಣಿಗೆ ಜಾವಾಸ್ಕ್ರಿಪ್ಟ್ ಭಾಷೆಗೆ ಸೇರಿದುದು 2020ರ ಪ್ರಮಾಣದಲ್ಲಿ. ಅದನ್ನರಿಯದ ಬ್ರೌಸರಿನಲ್ಲಿ ಆ ಕಡತದ ಒಂದು ಸಾಲೂ ನಡೆಯದು. ಫಲಿತಾಂಶಕ್ಕೆ ಬದಲಾಗಿ ಬರಿಯ ಬಿಳಿಯ ಪುಟವೇ ಕಾಣಬಹುದು. ಹೊಸ ಬರಹವನ್ನು ಹಳೆಯ ಬ್ರೌಸರೂ ಅರಿಯುವಂತೆ ಮಾರ್ಪಡಿಸುವುದೇ ಇಲ್ಲಿ ಕಂಪೈಲರಿನ ಕೆಲಸ.

ಇವುಗಳಲ್ಲಿ ನಾವು ಯಾವುದನ್ನು ಆರಿಸಬೇಕು? 2014ರಲ್ಲಿ ಹುಟ್ಟಿದ ಬೇಬೆಲ್ ಮತ್ತು ರಸ್ಟ್ ಭಾಷೆಯಲ್ಲಿ ರಚಿತವಾದ ಎಸ್‌ಡಬ್ಲ್ಯುಸಿ, ಇವೆರಡೂ ಬರಹವನ್ನು 2009ರ ಪ್ರಮಾಣದವರೆಗೆ ಇಳಿಸಬಲ್ಲವು. ಗೋ ಭಾಷೆಯಲ್ಲಿ ರಚಿತವಾಗಿ 2020ರಲ್ಲಿ ಬಂದ ಇಎಸ್‌ಬಿಲ್ಡ್ ಅತಿ ವೇಗದ್ದು. ಆದರೆ 2015ರ ಪ್ರಮಾಣಕ್ಕಿಂತ ಕೆಳಗೆ ಪೂರ್ಣವಾಗಿ ಇಳಿಸಲಾರದು.

ವೇಗವೊಂದೇ ಅಳತೆಗೋಲಲ್ಲ. ನಮ್ಮ ಮಲೆನಾಡಿನ ಪಲ್ಪರ್ ಯಂತ್ರವು ಕಾಫಿ ಹಣ್ಣಿನ ಸಿಪ್ಪೆಯನ್ನು ಸುಲಿಯುತ್ತದೆಯೇ ಹೊರತು ಬೀಜದ ರುಚಿಯನ್ನು ಪರೀಕ್ಷಿಸದು. ಅಂತೆಯೇ ಈ ಮೂರೂ ಟೈಪ್‌ಸ್ಕ್ರಿಪ್ಟ್ ಬರಹದಲ್ಲಿರುವ ‘ಇದು ಸಂಖ್ಯೆ, ಇದು ಪದ’ ಎಂಬ ಗುರುತುಗಳನ್ನು ತೆಗೆದುಹಾಕುತ್ತವೆ; ಅವು ಸರಿಯೇ ಎಂದು ನೋಡುವುದಿಲ್ಲ. ಅಂಕಗಳನ್ನು ಕೂಡಿಸುವಾಗ 40 ಎಂಬುದು ಪದವಾಗಿ ಬಂದರೆ, ಅದಕ್ಕೆ 35 ಸೇರಿ 75 ಆಗದೆ 4035 ಆಗುವುದು! ಬರಹದೊಳಗೆ ಅಡಗಿರುವ ಇಂಥ ಬೆರಕೆಯನ್ನು ಮುಂಚಿತವಾಗಿಯೇ ತೋರಿಸುವುದು ಮೈಕ್ರೋಸಾಫ್ಟ್ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಟೈಪ್‌ಸ್ಕ್ರಿಪ್ಟಿನ ಸ್ವಂತ ಕಂಪೈಲರು.

ಆದುದರಿಂದ ಪುಟವನ್ನು ತೆರೆಯುವವರ ಬ್ರೌಸರು ಎಷ್ಟು ಹಳೆಯದೆಂಬುದನ್ನು ನಾವು ಮೊದಲು ತಿಳಿಯಬೇಕು. ಮಾರ್ಪಾಡಿಗೆ ಅದಕ್ಕೊಪ್ಪುವ ಕಂಪೈಲರನ್ನೂ ಪರೀಕ್ಷೆಗೆ ಟೈಪ್‌ಸ್ಕ್ರಿಪ್ಟಿನದನ್ನೂ ಜೊತೆಗೂಡಿಸುವುದು ಲೇಸು. ಆದರೆ ಅಗತ್ಯಕ್ಕಿಂತ ಕೆಳಗಿಳಿಸಬಾರದು. ಇಳಿಸಿದಷ್ಟೂ ಬರಹವು ಸಾಮಾನ್ಯವಾಗಿ ಉದ್ದವಾಗುವುದು, ಮಂದಗತಿಯ ಜಾಲದಲ್ಲಿ ಪುಟವು ತಡವಾಗಿ ತೆರೆಯುವುದು.