ಗಾಡಿ ಕೂಗ್ತದೆ, ಮುಂದೆ ಹೋಗಲ್ಲ!

ನಮ್ಮ ರಾಯಚರ್ಲು ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಮನೆಯಲ್ಲಿ ಎರಡು ಹಸು ಸಾಕಿದ್ದಾರೆ. ಬೆಳಗಾಗುವ ಮುಂಚೆ ಹಾಲು ಕರೆಯುತ್ತಾರೆ. ಅಕ್ಕಪಕ್ಕದ ಮನೆಯ ಹಾಲನ್ನೂ ಸೇರಿಸಿ ಕ್ಯಾನಿಗೆ ತುಂಬುತ್ತಾರೆ. ಅವರ ಯಜಮಾನರು ಹಳೇ ಬೈಕಿನಲ್ಲಿ ಡೈರಿಗೆ ಹಾಕಿ ಬರುತ್ತಾರೆ.

ಒಂದು ದಿನ ಅಕ್ಕ ಮುಖ ಸಣ್ಣದು ಮಾಡಿಕೊಂಡು ಬಂದರು.

"ಯಾಕಕ್ಕಾ, ಏನಾಯ್ತು?" ಅಂದೆವು.

"ಗಾಡಿ ದಿಣ್ಣೆ ಹತ್ತಲ್ಲ ಮೇಡಂ. ಬರೀ ಕೂಗ್ತದೆ. ಡೈರಿಗೆ ಹೋಗೋದು ತಡ ಆಯ್ತು. ಹಾಲು ಕೆಟ್ಟು ವಾಪಸ್ ಬಂತು. ಇಂಜಿನ್ನೇ ಹೋಗಿದೆ, ಪೂರಾ ಬಿಚ್ಚಬೇಕು ಅಂತ ಒಬ್ಬರು ಹೇಳಿದ್ರು. ಸಂಘದಲ್ಲಿ ಸಾಲ ಕೇಳೋಣ ಅಂತಿದ್ದೀನಿ."

ಸಾಲ ಮಾಡುವ ಮುಂಚೆ ರೋಗ ಯಾವುದು ಅಂತ ತಿಳಿಯಬೇಡವೇ? ನಾವೇನೂ ಮೆಕ್ಯಾನಿಕ್ ಅಲ್ಲ, ಶಾಲೆ ಮೇಡಂ. ಆದರೂ ಅಕ್ಕನ ಜೊತೆ ಪೇಟೆಗೆ ಹೋದೆವು. ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಕೂತು, ಕೇಳಿ, ನೋಡಿ ತಿಳಿದುಕೊಂಡೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ಸದ್ದು ಕೇಳಿ, ರೋಗ ತಿಳಿಯಿರಿ

ಮೆಕ್ಯಾನಿಕ್ ಮೊದಲು ಒಂದೇ ಮಾತು ಕೇಳಿದರು. "ದಿಣ್ಣೆ ಹತ್ತುವಾಗ ಸದ್ದು ಏರ್ತದೋ, ಇಳೀತದೋ?"

ಇದು ಬಹಳ ಮುಖ್ಯವಾದ ಪ್ರಶ್ನೆ. ಇಂಜಿನ್ ಸೋತಿದ್ದರೆ ದಿಣ್ಣೆಯಲ್ಲಿ ಅದರ ಸದ್ದೂ ಕುಗ್ಗುತ್ತದೆ. ಗಾಡಿ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಕ್ಲಚ್ ಸವೆದಿದ್ದರೆ ಹಾಗಲ್ಲ. ಆಕ್ಸಿಲೇಟರ್ ತಿರುವಿದರೆ ಸದ್ದು ಜೋರಾಗಿ ಏರುತ್ತದೆ. ಓಟ ಮಾತ್ರ ಏರುವುದಿಲ್ಲ. ಕೆಲವು ಸಲ ಸುಟ್ಟ ವಾಸನೆಯೂ ಬರುತ್ತದೆ. ಇದಕ್ಕೆ 'ಕ್ಲಚ್ ಸ್ಲಿಪ್' ಅಂತಾರೆ. ಅಂದರೆ ಕ್ಲಚ್ ಜಾರುತ್ತಿದೆ ಎಂದು ಅರ್ಥ.

"ಸದ್ದು ಏರ್ತದೆ ಸಾರ್, ಕಿವಿ ಮುಚ್ಕೋಬೇಕು" ಅಂದರು ಅಕ್ಕ.

"ಹಾಗಾದ್ರೆ ಇಂಜಿನ್‌ಗೆ ಏನೂ ಆಗಿಲ್ಲ ಅನ್ನಿಸ್ತದೆ. ಮೊದಲು ಕ್ಲಚ್ ನೋಡೋಣ" ಅಂದರು ಮೆಕ್ಯಾನಿಕ್.

ಕ್ಲಚ್ ಅಂದರೆ ಏನು?

ನಿಮ್ಮ ಎರಡು ಅಂಗೈಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಒಂದು ಕೈ ತಿರುಗಿಸಿ. ಇನ್ನೊಂದು ಕೈಯೂ ಜೊತೆಗೇ ತಿರುಗುತ್ತದೆ. ಈಗ ಕೈ ಸಡಿಲ ಬಿಡಿ. ಒಂದು ತಿರುಗಿದರೂ ಇನ್ನೊಂದು ತಿರುಗುವುದಿಲ್ಲ. ಕ್ಲಚ್ ಕೆಲಸವೂ ಇಷ್ಟೇ.

ಬೈಕಿನ ಕ್ಲಚ್ ಒಳಗೆ ದುಂಡನೆಯ ತಟ್ಟೆಗಳು ಇರುತ್ತವೆ. ರೊಟ್ಟಿ ಅಡಕಿದ ಹಾಗೆ ಒಂದರ ಪಕ್ಕ ಒಂದು ಇರುತ್ತವೆ. ಇವುಗಳಲ್ಲಿ ಎರಡು ಜಾತಿ. ಒಂದು, ಒರಟು ಪದರ ಅಂಟಿಸಿದ ಕ್ಲಚ್ ಪ್ಲೇಟು. ಇದು ಇಂಜಿನ್ ಜೊತೆ ತಿರುಗುತ್ತದೆ. ಇನ್ನೊಂದು, ಬರೀ ಉಕ್ಕಿನ ಪ್ಲೇಟು. ಇದು ಗೇರಿನ ಕಡೆಗೆ ಸೇರಿದ್ದು. ಸ್ಪ್ರಿಂಗುಗಳು ಇವನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತವೆ. ಆಗ ಇಂಜಿನ್ ಬಲ ಚಕ್ರಕ್ಕೆ ಹೋಗುತ್ತದೆ. ಎಡಗೈಯ ಲಿವರ್ ಹಿಡಿದರೆ ಒತ್ತಡ ಸಡಿಲ ಆಗುತ್ತದೆ. ಆಗ ಗೇರ್ ಹಾಕಬಹುದು.

ಒರಟು ಪದರ ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಸವೆಯುತ್ತದೆ. ಬೀಸೋ ಕಲ್ಲು ನುಣ್ಣಗಾದರೆ ರಾಗಿ ಹಿಟ್ಟಾಗುತ್ತದೆಯೇ? ಇದೂ ಹಾಗೆಯೇ. ಬೀಸೋ ಕಲ್ಲನ್ನು ಮತ್ತೆ ಕುಟ್ಟಿಸಬಹುದು. ಸವೆದ ಪ್ಲೇಟನ್ನು ಬದಲಾಯಿಸಲೇಬೇಕು.

ಹಿರಿಯರಿಗೆ ಜಾವಾ, ಯೆಜ್ಡಿ ಬೈಕುಗಳು ನೆನಪಿರಬಹುದು. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಅವನ್ನು ಮಾಡಿದರು. ಅವುಗಳ ಕ್ಲಚ್ ಪ್ಲೇಟಿನಲ್ಲಿ ಕಾರ್ಕ್ ಇರುತ್ತಿತ್ತು. ಸೀಸೆಯ ಬಾಯಿಗೆ ಹಾಕುವ ಬೂಚಿನ ಜಾತಿ ಅದು. ಪದರ ಯಾವುದೇ ಇರಲಿ, ತಿಕ್ಕಿದರೆ ಸವೆಯುತ್ತದೆ.

ಬಿಚ್ಚುವ ಮುಂಚೆ ಲಿವರ್ ನೋಡಿ

ಕ್ಲಚ್ ಜಾರಿದ ಕೂಡಲೇ ಪ್ಲೇಟ್ ಸವೆದಿದೆ ಅನ್ನಬಾರದು. ತಂತಿ ಬಿಗಿಯಾಗಿದ್ದರೂ ಕ್ಲಚ್ ಜಾರುತ್ತದೆ.

ಗಾಡಿ ಆಫ್ ಮಾಡಿ. ಕ್ಲಚ್ ಲಿವರನ್ನು ಒಂದು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಮೊದಲು ಸ್ವಲ್ಪ ದೂರ ಸುಮ್ಮನೆ ಬರುತ್ತದೆ. ಆಮೇಲೆ ಬಿಗಿ ಸಿಗುತ್ತದೆ. ಸುಮ್ಮನೆ ಬರುವ ಆ ದೂರಕ್ಕೆ 'ಪ್ಲೇ' ಅಂತಾರೆ. ಮಕ್ಕಳ ಸ್ಕೇಲ್ ಹಿಡಿದು ಲಿವರಿನ ತುದಿಯಲ್ಲಿ ಅಳೆಯಿರಿ. ಬಹಳ ಬೈಕುಗಳಲ್ಲಿ ಇದು 10ರಿಂದ 20 ಮಿಲಿಮೀಟರ್ ಇರಬೇಕು. ಅಂದರೆ 1ರಿಂದ 2 ಸೆಂಟಿಮೀಟರ್.

ಪ್ಲೇ ಇಲ್ಲದಿದ್ದರೆ ಯಾರೋ ಯಾವಾಗಲೂ ಲಿವರ್ ಹಿಡಿದುಕೊಂಡ ಹಾಗೆ. ಪ್ಲೇಟುಗಳು ಬಿಗಿಯಾಗಿ ಕೂರುವುದಿಲ್ಲ, ಜಾರುತ್ತವೆ. ಪ್ಲೇ ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರ್ ಹಾಕುವಾಗ ಕಟಕ್ ಅನ್ನುತ್ತದೆ. ಲಿವರ್ ಹಿಡಿದಿದ್ದರೂ ಗಾಡಿ ಮುಂದೆ ತಳ್ಳುತ್ತದೆ. ತಂತಿಯ ತುದಿಯ ನಟ್ ತಿರುಗಿಸಿ ಎರಡನ್ನೂ ಸರಿಮಾಡಬಹುದು. ಐದು ನಿಮಿಷದ ಕೆಲಸ.

ಆಯಿಲ್ ಕೂಡ ನೋಡಬೇಕು. ಬೈಕಿನ ಕ್ಲಚ್ ಸಾಮಾನ್ಯವಾಗಿ ಆಯಿಲಿನಲ್ಲೇ ನೆನೆದಿರುತ್ತದೆ. ಕಾರಿಗೆ ಹಾಕುವ ಕೆಲವು ಆಯಿಲ್ ಹಾಕಿದರೆ ಪ್ಲೇಟ್ ಜಾರಬಹುದು. ಆದ್ದರಿಂದ ಆ ಬೈಕಿಗೆ ಹೇಳಿದ ಆಯಿಲನ್ನೇ ಹಾಕಿಸಿ.

ಅಕ್ಕನ ಗಾಡಿಯಲ್ಲಿ ಪ್ಲೇ ಇರಲೇ ಇಲ್ಲ. ಮೆಕ್ಯಾನಿಕ್ ಸರಿಮಾಡಿದರು. "ಎಂಟು ದಿನ ಓಡ್ಸಿ ನೋಡಿ. ಮತ್ತೆ ಜಾರಿದ್ರೆ ಪ್ಲೇಟ್ ಸವೆದಿದೆ ಅಂತ್ಲೇ ಲೆಕ್ಕ" ಅಂದರು. ಎಂಟು ದಿನ ಕಳೆಯಿತು. ದಿಣ್ಣೆಯಲ್ಲಿ ಗಾಡಿ ಮತ್ತೆ ಕೂಗಿತು.

ಬಿಚ್ಚಿದಾಗ ಕಂಡದ್ದು

ಗಾಡಿ ತಣ್ಣಗಾದ ಮೇಲೆ ಆಯಿಲ್ ಇಳಿಸಿದರು. ಕ್ಲಚ್ ಕವರ್ ಬಿಚ್ಚಿದರು. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ಪ್ಲೇಟುಗಳನ್ನು ತೆಗೆದ ಸಾಲಿನಲ್ಲೇ ಜೋಡಿಸಿಟ್ಟರು.

"ನೋಡಕ್ಕಾ" ಅಂತ ಹಳೇ ಪ್ಲೇಟ್ ಪಕ್ಕ ಹೊಸದನ್ನು ಇಟ್ಟರು. ಹಳೆಯದು ತೆಳ್ಳಗಾಗಿತ್ತು. ಪದರ ಕಪ್ಪಾಗಿ ನುಣ್ಣಗಾಗಿತ್ತು. ಉಕ್ಕಿನ ಪ್ಲೇಟುಗಳನ್ನು ಗಾಜಿನ ಮೇಲೆ ಇಟ್ಟು ನೋಡಿದರು. ಕಾದು ಸೊಟ್ಟಗಾಗಿದ್ದರೆ ಅವನ್ನೂ ಬದಲಾಯಿಸಬೇಕು. ಇವು ನೆಟ್ಟಗಿದ್ದವು. ಸ್ಪ್ರಿಂಗುಗಳು ಕುಗ್ಗಿ ಗಿಡ್ಡ ಆಗಿದ್ದವು. ಅವನ್ನು ಒಂದೊಂದೇ ಬದಲಾಯಿಸಬಾರದು. ಎಲ್ಲಾ ಒಟ್ಟಿಗೆ ಹಾಕಬೇಕು. ಇಲ್ಲದಿದ್ದರೆ ಒತ್ತಡ ಸಮ ಬರುವುದಿಲ್ಲ.

ಹೊಸ ಪ್ಲೇಟುಗಳನ್ನು ಮೊದಲು ಆಯಿಲಿನಲ್ಲಿ ಅದ್ದಿಟ್ಟರು. ಒಣ ಪ್ಲೇಟ್ ಹಾಕಿದರೆ ಬೇಗ ಸುಡುತ್ತದೆ. ಆಮೇಲೆ ಜೋಡಿಸಿ, ಹೊಸ ಪ್ಯಾಕಿಂಗ್ ಇಟ್ಟು ಕವರ್ ಮುಚ್ಚಿದರು. ಆಯಿಲ್ ತುಂಬಿದರು. ಲಿವರಿನ ಪ್ಲೇ ಮತ್ತೆ ಅಳೆದರು.

ಅಕ್ಕ ಚೀಟಿ ಕೇಳಿ ಪಡೆದರು. ಪ್ಲೇಟ್, ಸ್ಪ್ರಿಂಗ್, ಪ್ಯಾಕಿಂಗ್, ಆಯಿಲ್, ಕೂಲಿ. ಒಂದೊಂದಾಗಿ ಬೆರಳಿಟ್ಟು ಓದಿದರು. ತಾವೇ ಕೂಡಿದರು. ಲೆಕ್ಕ ಸರಿ ಬಂತು. ಸಂಘದ ಸಾಲ ಬೇಕಾಗಲಿಲ್ಲ. ಹಾಲಿನ ದುಡ್ಡಿನಲ್ಲೇ ಕೊಟ್ಟರು. ಹಳೇ ಪ್ಲೇಟುಗಳನ್ನು ಚೀಲಕ್ಕೆ ಹಾಕಿಕೊಂಡರು.

"ಇವು ಯಾಕಕ್ಕಾ?" ಅಂದೆವು.

"ಯಜಮಾನ್ರಿಗೆ ತೋರಿಸ್ಬೇಕು ಮೇಡಂ. ಯಾವಾಗ್ಲೂ ಲಿವರ್ ಮೇಲೇ ಕೈ ಇಟ್ಟಿರ್ತಾರೆ!"

ಮತ್ತೆ ಬೇಗ ಸವೆಯದಿರಲು

1. ಓಡಿಸುವಾಗ ಸುಮ್ಮನೆ ಕ್ಲಚ್ ಲಿವರ್ ಮೇಲೆ ಬೆರಳು ಇಡಬಾರದು.
2. ದಿಣ್ಣೆಯಲ್ಲಿ ಅರ್ಧ ಕ್ಲಚ್ ಹಿಡಿದು ಗಾಡಿ ನಿಲ್ಲಿಸಬಾರದು. ಬ್ರೇಕ್ ಹಿಡಿಯಬೇಕು.
3. ದಿಣ್ಣೆ ಬರುವ ಮುಂಚೆ ಚಿಕ್ಕ ಗೇರಿಗೆ ಇಳಿಸಬೇಕು.
4. ಅಳತೆ ಮೀರಿ ಭಾರ ಹೇರಬಾರದು.
5. ಜಾರುವ ಕ್ಲಚ್ಚಿನಲ್ಲಿ ದಿನಗಟ್ಟಲೆ ಓಡಿಸಬಾರದು. ಉಕ್ಕಿನ ಪ್ಲೇಟೂ ಕಾದು ಕೆಡುತ್ತದೆ. ಖರ್ಚು ಹೆಚ್ಚುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಬೆಟ್ಟ ದಿಣ್ಣೆ ಬಹಳ. ಹಾಲು, ಹುಲ್ಲು, ಕಡಲೆಕಾಯಿ ಮೂಟೆ ಎಲ್ಲಾ ಬೈಕಿನ ಮೇಲೇ ಹೋಗುತ್ತದೆ. ಗಾಡಿ ಓಡಿಸುವವರು ಯಾರೇ ಇರಲಿ, ರಿಪೇರಿ ದುಡ್ಡು ಮನೆಯದು. ಅದಕ್ಕೇ ನಾವೂ ತಿಳಿದಿರಬೇಕು, ನಾವೂ ಕೇಳಬೇಕು.

ನಿಮ್ಮ ಮನೆಯಲ್ಲಿ, ಇಲ್ಲವೇ ಪಕ್ಕದ ಮನೆಯಲ್ಲಿ ಬೈಕು ಇದೆಯೇ? ಇವತ್ತೇ ಸ್ಕೇಲ್ ಹಿಡಿದು ಲಿವರಿನ ಪ್ಲೇ ಅಳೆಯಿರಿ. ಎಷ್ಟು ಮಿಲಿಮೀಟರ್ ಬಂತು? ನಿಮ್ಮ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ನಾಳೆ ಕೇಂದ್ರದಲ್ಲಿ ಎಲ್ಲರೂ ಸೇರಿ ಓದೋಣ.