ಸ್ವತಂತ್ರ ಗಣಕವ್ಯವಸ್ಥೆಯೂ ಮುಚ್ಚಿದ ಡ್ರೈವರುಗಳೂ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಶಿವನಿ ಎಂಬ ಊರಿದೆ. ಈ ಮಾರ್ಗವು ಹಿಂದೆ ಮೀಟರ್ ಗೇಜಿನದಾಗಿದ್ದು, ಅನಂತರ ಬ್ರಾಡ್ ಗೇಜಿಗೆ ಪರಿವರ್ತನೆ ಹೊಂದಿತು. ಕಂಬಿಗಳ ನಡುವಣ ಅಂತರವು ೧ ಮೀಟರಿನಿಂದ ೧.೬೭೬ ಮೀಟರಿಗೆ ಹೆಚ್ಚಿದೊಡನೆ, ಹಳೆಯ ಇಂಜಿನುಗಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಆ ಮಾರ್ಗಕ್ಕೆ ಸಲ್ಲದಾದುವು. ಯಂತ್ರವು ಚೆನ್ನಾಗಿದ್ದರೆ ಸಾಲದು. ಅದಕ್ಕೂ ಮಾರ್ಗಕ್ಕೂ ಹೊಂದಿಕೆ ಇರಬೇಕು. ಗಣಕಯಂತ್ರದಲ್ಲಿಯೂ ಇಂತಹುದೇ ಹೊಂದಿಕೆಯ ಪ್ರಶ್ನೆಯೊಂದುಂಟು.

ಗಣಕದ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದು ಮುದ್ರಕ, ವೈಫೈ ಮೊದಲಾದ ಉಪಕರಣಗಳೊಡನೆ ವ್ಯವಹರಿಸಬೇಕಾದರೆ ನಡುವೆ ದುಭಾಷಿಯೊಬ್ಬನು ಬೇಕು. ಈ ದುಭಾಷಿಯೇ ಡ್ರೈವರ್. ಇದಲ್ಲದೆ ಅನೇಕ ಉಪಕರಣಗಳ ಒಳಗೇ ಪುಟ್ಟದೊಂದು ಗಣಕವಿರುತ್ತದೆ. ಅದನ್ನು ನಡೆಸುವ ಆಜ್ಞೆಗಳ ಕಂತೆಯೇ ಫರ್ಮ್‌ವೇರ್. ಎಷ್ಟೋ ಉಪಕರಣಗಳಿಗೆ ಗಣಕವನ್ನು ಚಾಲೂ ಮಾಡಿದಾಗಲೆಲ್ಲ ಈ ಕಂತೆಯನ್ನು ಹೊಸದಾಗಿ ಊಡಬೇಕು.

೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಸ್ವತಂತ್ರ ತಂತ್ರಾಂಶ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಅನೇಕ ತಯಾರಕರು ಫರ್ಮ್‌ವೇರಿನ ಮೂಲ ಸಂಕೇತವನ್ನೂ, ಕೆಲವರು ಡ್ರೈವರಿನದನ್ನೂ ಹೊರಗೆಡಹುವುದಿಲ್ಲ. ಇಂತಹ ಮುಚ್ಚಿದ ವಸ್ತುವನ್ನು ಸ್ವತಂತ್ರ ವ್ಯವಸ್ಥೆಯ ಜೊತೆಯಲ್ಲಿ ಹಂಚಬಹುದೇ?

ಲಿನಕ್ಸನ್ನು ಆಧರಿಸಿ ೧೯೯೩ರಲ್ಲಿ ಆರಂಭವಾದ ಡೆಬಿಯನ್ ಎಂಬ ವ್ಯವಸ್ಥೆಯು ಹಲವು ವರ್ಷ 'ಕೂಡದು' ಎಂದೇ ಉತ್ತರಿಸಿತ್ತು. ಇದರ ಪರಿಣಾಮವನ್ನು ನೋಡೋಣ. ಶಿವನಿಯಂತಹ ಊರಿನ ವಿದ್ಯಾರ್ಥಿಯೊಬ್ಬನು ಲ್ಯಾಪ್‌ಟಾಪಿಗೆ ಅದನ್ನು ಅಳವಡಿಸಹೊರಟನೆಂದು ಭಾವಿಸೋಣ. ವೈಫೈ ನಡೆಯಲು ಫರ್ಮ್‌ವೇರ್ ಬೇಕು. ಫರ್ಮ್‌ವೇರ್ ತರಿಸಲು ವೈಫೈ ಬೇಕು. ಸೇದುವ ಹಗ್ಗವೇ ಬಾವಿಯೊಳಗೆ ಬಿದ್ದಂತಾಯಿತು! ಫೋನನ್ನು ತಂತಿಯಿಂದ ಜೋಡಿಸುವ ಉಪಾಯವುಂಟಾದರೂ ಹೊಸಬರಿಗೆ ಅದು ಸುಲಭವಾಗಿ ತೋಚದು.

೨೦೨೨ರಲ್ಲಿ ಡೆಬಿಯನ್ನಿನ ಸದಸ್ಯರು ಮತದಾನ ನಡೆಸಿ ಈ ನಿಯಮವನ್ನು ಸಡಿಲಿಸಿದರು. ೨೦೨೩ರ ಜೂನ್ ೧೦ರಂದು ಹೊರಬಂದ ಡೆಬಿಯನ್ ೧೨ರ ಅಧಿಕೃತ ಪ್ರತಿಯಲ್ಲಿ ಮುಚ್ಚಿದ ಫರ್ಮ್‌ವೇರಿಗೂ ಎಡೆ ದೊರೆಯಿತು. ಆದರೆ ಅದನ್ನು ಪ್ರತ್ಯೇಕ ವಿಭಾಗದಲ್ಲಿ ಇರಿಸಲಾಗಿದೆ, ಬೇಡವೆನ್ನುವವರು ನಿರಾಕರಿಸಬಹುದು. ಮುಚ್ಚಿದ ಡ್ರೈವರುಗಳಿಗೆ ಈ ಸಡಿಲಿಕೆ ಅನ್ವಯಿಸಲಿಲ್ಲ.

ಇಷ್ಟು ಎಚ್ಚರವೇಕೆ? ಲಿನಕ್ಸಿನ ತಿರುಳು ಎರಡು ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿಯನ್ನು ಪಡೆಯುತ್ತದೆ. ಒಳಗಿನ ಏರ್ಪಾಡು ಬದಲಾದಾಗ, ಅದರೊಡನೆ ಸೇರಿರುವ ಮುಕ್ತ ಡ್ರೈವರುಗಳನ್ನೂ ಜೊತೆಜೊತೆಗೇ ತಿದ್ದುತ್ತಾರೆ. ಮುಚ್ಚಿದ ಡ್ರೈವರನ್ನಾದರೋ ಒಡೆಯನೇ ತಿದ್ದಬೇಕು. ಎನ್ವಿಡಿಯಾ ಸಂಸ್ಥೆಯು ತನ್ನ ೩೯೦ನೆಯ ಶ್ರೇಣಿಯ ಡ್ರೈವರಿಗೆ ೨೦೨೨ರ ಕೊನೆಯಲ್ಲಿ ಬೆಂಬಲವನ್ನು ನಿಲ್ಲಿಸಿತು. ಅದನ್ನು ನೆಚ್ಚಿದ್ದ ಗ್ರಾಫಿಕ್ಸ್ ಕಾರ್ಡುಗಳು ಕೆಡದಿದ್ದರೂ, ಮೀಟರ್ ಗೇಜಿನ ಇಂಜಿನುಗಳ ಸ್ಥಿತಿಗೆ ಬಂದುವು. ಸ್ವಯಂಸೇವಕರು ರಚಿಸಿದ ನೂವೋ ಎಂಬ ಮುಕ್ತ ಡ್ರೈವರೇ ಅವಕ್ಕೆ ಆಸರೆ. ಅದೇ ವರ್ಷದ ಮೇ ತಿಂಗಳಲ್ಲಿ ಅದೇ ಸಂಸ್ಥೆಯು ತನ್ನ ಹೊಸ ಕಾರ್ಡುಗಳ ಡ್ರೈವರಿನಲ್ಲಿ ತಿರುಳಿಗೆ ಸೇರುವ ಭಾಗದ ಮೂಲ ಸಂಕೇತವನ್ನು ಪ್ರಕಟಿಸಿದುದು ಗಮನಾರ್ಹ.

ಮುಚ್ಚಿದ ವಸ್ತುವನ್ನು ಸೇರಿಸುವುದರಿಂದ ಇಂದಿನ ತೊಡಕು ನೀಗುತ್ತದೆ. ನಾಳೆಯ ದುರಸ್ತಿಯ ಹಕ್ಕು ಮಾತ್ರ ತಯಾರಕನ ಕೈಯಲ್ಲೇ ಉಳಿಯುತ್ತದೆ. ಆದುದರಿಂದ ಗಣಕವನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ, ಅದರ ಉಪಕರಣಗಳಿಗೆ ಮುಕ್ತ ಡ್ರೈವರುಂಟೇ ಎಂಬುದನ್ನೂ ನಾವು ವಿಚಾರಿಸಿ ತಿಳಿಯಬೇಕು.