ಹೊರದೇಶದ ಪರಿಸರ ದ್ರವ್ಯಸಹಾಯವೂ ಗ್ರಾಮದ ನೆಲಜಲಗಳೂ

ಕೆರೆಯ ಹೂಳು ತೆಗೆಸುವುದು, ಹೊಲಗಳಿಗೆ ಬದು ಹಾಕಿಸುವುದು, ಗೋಮಾಳದಲ್ಲಿ ಗಿಡ ನೆಡಿಸುವುದು ಮೊದಲಾದ ಕೆಲಸಗಳಿಗೆ ಹೊರದೇಶಗಳ ಹಣವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕರ್ನಾಟಕಕ್ಕೆ ಬರುತ್ತಿರುವುದು ಗ್ರಾಮದ ಯಜಮಾನರಿಗೂ ಹಿಡುವಳಿದಾರರಿಗೂ ತಿಳಿದ ವಿಷಯವೇ ಆಗಿದೆ. ಆದರೆ ಆ ಹಣವು ಎಲ್ಲಿಂದ ಹೊರಟು, ಯಾರ ಯಾರ ಕೈಗಳನ್ನು ದಾಟಿ, ಯಾವ ಷರತ್ತಿನ ಮೇಲೆ ತಮ್ಮ ಊರಿನ ಕೆರೆಯ ಏರಿಯವರೆಗೆ ಬಂದಿತೆಂಬುದನ್ನು ವಿಚಾರಿಸಿದವರು ವಿರಳ. ಪರದೇಶದವರ ಹಣವೆಂದ ಮೇಲೆ ಅದು ಧರ್ಮಾರ್ಥವಾಗಿ ಬಂದುದು, ಅದಕ್ಕೆ ಲೆಕ್ಕ ಕೇಳುವವರಿಲ್ಲ, ಹಿಂದಿರುಗಿಸಬೇಕಾದುದೂ ಇಲ್ಲವೆಂಬ ಭಾವನೆಯು ಅನೇಕರಲ್ಲಿ ಬೇರೂರಿದೆ. ಇದು ಬಹುಮಟ್ಟಿಗೆ ತಪ್ಪು ತಿಳಿವಳಿಕೆ. ಅಲ್ಲದೆ, ಈ ಹಣವನ್ನು ದೇಶದ ರಾಜಧಾನಿಯಲ್ಲಿ ಹೇಗೆ ಒಟ್ಟುಗೂಡಿಸಿ ಹಂಚುತ್ತಾರೆಂಬುದರ ಮೇಲೆ ಊರಿನ ಕೆರೆಗೆ ನೀರು ಬರುವುದೂ ಬಾರದಿರುವುದೂ ಒಂದಷ್ಟು ನಿಂತಿರುವುದರಿಂದ, ಅದರ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದುದೇನೆಂದರೆ, ಈ ಹಣದಲ್ಲಿ ಎರಡು ಬಗೆಗಳುಂಟು. ಒಂದು ಸಾಲ, ಮತ್ತೊಂದು ದಾನ. ಗ್ರಾಮಗಳು ಕಣ್ಣಾರೆ ಕಂಡಿರುವುದು ಬಹುಪಾಲು ಸಾಲದ ಹಣವೇ. ೨೦೦೧ರಲ್ಲಿ ಮಂಜೂರಾಗಿ ೨೦೦೯ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯು ವಿಶ್ವಬ್ಯಾಂಕಿನ ನೆರವೆಂದೇ ಪ್ರಸಿದ್ಧವಾಯಿತು. ವಾಸ್ತವದಲ್ಲಿ ಅದು ಸುಮಾರು ೧೦ ಕೋಟಿ ಡಾಲರುಗಳ ಸಾಲ. ಆ ಬ್ಯಾಂಕಿನ ಅಂಗವಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯು ಬಡದೇಶಗಳಿಗೆ ಕೊಡುವ ಸಾಲವಾದುದರಿಂದ ಅದರ ಶುಲ್ಕವು ನೂರಕ್ಕೆ ಒಂದಕ್ಕಿಂತಲೂ ಕಡಮೆ. ವಾಯಿದೆಯು ಮೂವತ್ತು ವರ್ಷಗಳಿಗೂ ಮೀರಿದ್ದು. ಸಾಲವು ಹಗುರವಾಗಿದ್ದಿತೆಂಬುದು ನಿಜ. ಆದರೂ ಸಾಲವು ಸಾಲವೇ.

ಇಂಥ ಹಣವು ಯಾವ ರಾಜ್ಯಕ್ಕೂ ನೇರವಾಗಿ ಬರುವುದಿಲ್ಲ. ಹೊರದೇಶದ ಸಂಸ್ಥೆಗಳೊಡನೆ ಮಾತುಕತೆ ನಡೆಸುವ ಅಧಿಕಾರವು ದೆಹಲಿಯಲ್ಲಿರುವ ಹಣಕಾಸು ಮಂತ್ರಾಲಯದ ಆರ್ಥಿಕ ವ್ಯವಹಾರಗಳ ಇಲಾಖೆಗೆ ಸೇರಿದೆ. ರಾಜ್ಯದ ಇಲಾಖೆಯವರು ಯೋಜನೆಯನ್ನು ಸಿದ್ಧಪಡಿಸಿ ಅಲ್ಲಿಗೆ ಕಳುಹಿಸಬೇಕು. ಅವರು ಒಪ್ಪಿದರೆ ಮಾತ್ರ ಬ್ಯಾಂಕಿನ ಮುಂದೆ ಇಡುತ್ತಾರೆ. ಒಪ್ಪಂದವಾದ ಮೇಲೂ ಹಣವು ಚೀಲದಲ್ಲಿ ಕಟ್ಟಿ ಬರುವುದಿಲ್ಲ. ಸಾಮಾನ್ಯವಾಗಿ ರಾಜ್ಯ ಸರ್ಕಾರವು ಮೊದಲು ತನ್ನ ಆಯವ್ಯಯದಿಂದ ಖರ್ಚುಮಾಡಿ, ರಸೀದಿಗಳ ತಖ್ತೆಯನ್ನು ದೆಹಲಿಯ ಸಹಾಯ ಲೆಕ್ಕಪತ್ರ ಕಛೇರಿಗೆ ಕಳುಹಿಸುತ್ತದೆ. ಆ ಕಛೇರಿಯವರು ಪರಿಶೀಲಿಸಿ ಬ್ಯಾಂಕಿನಿಂದ ಹಣ ತರಿಸಿ ಕೇಂದ್ರದ ಖಜಾನೆಗೆ ಜಮಾ ಮಾಡಿಕೊಂಡ ತರುವಾಯ ಅದು ರಾಜ್ಯಕ್ಕೆ ಸಂದಾಯವಾಗುತ್ತದೆ. ಆದುದರಿಂದ ಒಂದು ಗ್ರಾಮದ ಸಂಘವು ಬದುವಿನ ಕೂಲಿಯ ಪಟ್ಟಿಯನ್ನು ಸರಿಯಾಗಿ ಬರೆದಿಡದೆ ಹೋದರೆ, ಆ ಖರ್ಚು ತಿರಸ್ಕೃತವಾಗಿ ರಾಜ್ಯದ ಬೊಕ್ಕಸದ ಮೇಲೆಯೇ ಬೀಳುವ ಸಂಭವವುಂಟು. ಜಲಾನಯನ ಇಲಾಖೆಯವರು ಹಾಜರಿಪಟ್ಟಿ, ಅಳತೆಪುಸ್ತಕಗಳೆಂದು ಪೀಡಿಸುವುದಕ್ಕೆ ಕಾರಣವು ಇದೇ ಹೊರತು ಅಪನಂಬಿಕೆಯಲ್ಲ.

ಈ ಸಾಲವನ್ನು ತೀರಿಸುವವರು ಯಾರು? ಇಲ್ಲಿ ೨೦೦೫ರಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಅದು ಗ್ರಾಮಾಂತರದಲ್ಲಿ ಚರ್ಚೆಗೆ ಬಂದುದು ಕಾಣದು. ಅದಕ್ಕೆ ಹಿಂದೆ ಕೇಂದ್ರ ಸರ್ಕಾರವು ಹೊರದೇಶದ ಹಣವನ್ನು ತಾನು ಪಡೆದು, ಕರ್ನಾಟಕದಂತಹ ರಾಜ್ಯಗಳಿಗೆ ನೂರಕ್ಕೆ ೭೦ ಪಾಲು ಸಾಲವಾಗಿಯೂ ೩೦ ಪಾಲು ಅನುದಾನವಾಗಿಯೂ ಕೊಡುತ್ತಿತ್ತು. ಸಾಲದ ಪಾಲಿಗೆ ತಾನು ತೆರುವುದಕ್ಕಿಂತ ಬಹಳ ಹೆಚ್ಚಿನ ಬಡ್ಡಿ ವಿಧಿಸುತ್ತಿತ್ತು. ಆದರೆ ಡಾಲರಿನ ಬೆಲೆ ಏರಿದರೆ ಅದರ ನಷ್ಟವನ್ನು ತಾನೇ ಹೊರುತ್ತಿತ್ತು. ಹನ್ನೆರಡನೆಯ ಹಣಕಾಸು ಆಯೋಗದ ಶಿಫಾರಸಿನ ಮೇರೆಗೆ ೨೦೦೫ರ ಏಪ್ರಿಲ್ ೧ರಿಂದ ಮುಂದೆ ಒಪ್ಪಂದವಾದ ಸಾಲಗಳನ್ನು ಬಂದ ಷರತ್ತಿನ ಮೇಲೆಯೇ ರಾಜ್ಯಗಳಿಗೆ ದಾಟಿಸುವ ಪದ್ಧತಿಯು ಜಾರಿಗೆ ಬಂತು. ಬಡ್ಡಿ ಇಳಿಯಿತು, ವಿನಿಮಯದ ಹೊರೆಯು ರಾಜ್ಯದ ತಲೆಗೇರಿತು.

ಈ ಹೊರೆಯು ಎಷ್ಟೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ೨೦೦೫ರಲ್ಲಿ ಒಂದು ಡಾಲರಿಗೆ ಸುಮಾರು ೪೪ ರೂಪಾಯಿ ಇದ್ದಿತು. ೨೦೨೪ರ ಕೊನೆಗೆ ಅದು ೮೫ ರೂಪಾಯಿಗಳನ್ನು ಮುಟ್ಟಿತು. ಆಗ ೧೦೦ ಡಾಲರ್ ಸಾಲ ತೆಗೆದು ೪,೪೦೦ ರೂಪಾಯಿ ಬೆಲೆಯ ಬದು ಹಾಕಿಸಿದವರು, ಅಸಲನ್ನೇ ತೀರಿಸಲು ೮,೫೦೦ ರೂಪಾಯಿ ಕೊಡಬೇಕು. ಆ ಬದುವಿನಿಂದ ಇಷ್ಟು ವರ್ಷಗಳಲ್ಲಿ ಮಣ್ಣು ಉಳಿದು ಫಸಲು ಹೆಚ್ಚಿದ್ದರೆ ಇದು ನಷ್ಟದ ವ್ಯಾಪಾರವಲ್ಲ. ಬದು ಮೂರನೆಯ ಮಳೆಗೇ ಒಡೆದುಹೋಗಿ, ಅದನ್ನು ಕಟ್ಟುವವರಿಲ್ಲದೆ ಬಿದ್ದಿದ್ದರೆ, ಇಲ್ಲದ ಬದುವಿಗೆ ಮಕ್ಕಳ ಕಾಲದವರೆಗೆ ಕಂತು ಕಟ್ಟಿದಂತಾಗುವುದು. ಇದಲ್ಲದೆ, ಭಾರತವು ಬಡದೇಶಗಳ ಪಂಕ್ತಿಯಿಂದ ಮೇಲೆದ್ದಿತೆಂಬ ಕಾರಣದಿಂದ ಆ ಅಗ್ಗದ ಸಾಲದ ಬಾಗಿಲು ೨೦೧೪ರಲ್ಲಿ ಮುಚ್ಚತೊಡಗಿ ಕೆಲವೇ ವರ್ಷಗಳಲ್ಲಿ ಪೂರ್ತಿ ಮುಚ್ಚಿತು. ಅನಂತರದ ಸಾಲಗಳು ಪೇಟೆಯ ದರವನ್ನು ಅನುಸರಿಸಿದವು.

ಇನ್ನು ಹಣವನ್ನು ಒಂದುಗೂಡಿಸುವ ವಿಚಾರ. ಹಿಂದೆ ಒಂದೊಂದು ಇಲಾಖೆಯೂ ತನ್ನದೇ ಆದ ದಾತರನ್ನು ಹುಡುಕಿಕೊಂಡಿದ್ದಿತು. ಅರಣ್ಯ ಇಲಾಖೆಗೆ ಪಶ್ಚಿಮಘಟ್ಟಗಳಲ್ಲಿ ಬ್ರಿಟಿಷ್ ಸರ್ಕಾರದ ನೆರವು, ಬಯಲುಸೀಮೆಯಲ್ಲಿ ಜಪಾನಿನ ಸಾಲ, ಜಲಾನಯನಕ್ಕೆ ವಿಶ್ವಬ್ಯಾಂಕು, ಕೆರೆಗಳಿಗೂ ವಿಶ್ವಬ್ಯಾಂಕೇ, ಆದರೆ ಅದಕ್ಕೆ ಬೇರೆ ಒಪ್ಪಂದ, ಬೇರೆ ಕಛೇರಿ. ಜಲ ಸಂವರ್ಧನೆ ಯೋಜನಾ ಸಂಘವೆಂಬ ಹೆಸರಿನಿಂದ ೨೦೦೨ರಲ್ಲಿ ಮಂಜೂರಾದ ಕೆರೆಗಳ ಯೋಜನೆಯು ಮೊದಲು ನಡೆದ ಒಂಬತ್ತು ಜಿಲ್ಲೆಗಳಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿಗಳೂ ಸೇರಿದ್ದವು. ಸುಜಲದ ಐದು ಜಿಲ್ಲೆಗಳ ಪೈಕಿ ನಾಲ್ಕು ಇವೇ ಎಂಬುದನ್ನು ಓದುಗರು ಗಮನಿಸಬೇಕು.

ಇದರಲ್ಲಿ ತೊಡಕೇನೆಂದು ಕೆಲವರು ಕೇಳಬಹುದು. ಅಚ್ಚುಕಟ್ಟುದಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಣ ಹೊಲಗಳಲ್ಲಿ ಬದು ಹಾಕಿ, ಹಳ್ಳಕ್ಕೆ ತಡೆಗಟ್ಟೆಗಳನ್ನು ಕಟ್ಟಿ, ಕೃಷಿಹೊಂಡಗಳನ್ನು ತೋಡಿದರೆ ಮಣ್ಣು ಕೊಚ್ಚುವುದು ನಿಂತು ಕೆಳಗಿನ ಕೆರೆಗೆ ಹೂಳು ಬರುವುದು ತಗ್ಗುತ್ತದೆ. ಅದರೊಡನೆಯೇ ಕೆರೆಗೆ ಹರಿದು ಬರುವ ನೀರೂ ತಗ್ಗುತ್ತದೆ. ಮಳೆ ಸಮೃದ್ಧವಾದ ವರ್ಷದಲ್ಲಿ ಇದು ಯಾರ ಕಣ್ಣಿಗೂ ಬೀಳದು. ಮಳೆ ಸಾಲದ ವರ್ಷದಲ್ಲಿ ಮೇಲಿನವರ ಬಾವಿಯಲ್ಲಿ ನೀರು ನಿಂತಿದ್ದರೂ ಕೆಳಗಿನವರ ತೂಬಿಗೆ ನೀರು ಮುಟ್ಟದೆ ಇರಬಹುದು. ಒಂದೇ ಹಳ್ಳದ ನೆತ್ತಿಯಲ್ಲಿ ಒಂದು ಸಾಲದಿಂದ ನೀರನ್ನು ತಡೆಯುವುದು, ಅದೇ ಹಳ್ಳದ ಬುಡದಲ್ಲಿ ಮತ್ತೊಂದು ಸಾಲದಿಂದ ಆ ನೀರಿಗೆಂದೇ ಕೆರೆಯನ್ನು ದುರಸ್ತು ಮಾಡಿಸುವುದು, ಎರಡಕ್ಕೂ ಒಬ್ಬನೇ ರೈತನು ಋಣಿಯಾಗುವುದು — ಇಲಾಖೆಗಳು ಒಂದನ್ನೊಂದು ಕೇಳದೆ ನಡೆದರೆ ಇಂಥ ವಿಪರೀತವು ಘಟಿಸುವುದು ಕಷ್ಟವೇನೂ ಅಲ್ಲ. ಹಳ್ಳದ ನೀರಿನ ಲೆಕ್ಕವನ್ನು ನೆತ್ತಿಯಿಂದ ಬುಡದವರೆಗೆ ಒಂದೇ ತಖ್ತೆಯಲ್ಲಿ ಬರೆಯದ ಯೋಜನೆಗೆ ಹಣ ಕೊಡಬಾರದೆಂಬ ನಿಬಂಧನೆಯು ಮೊದಲೇ ಇದ್ದಿದ್ದರೆ ಎಷ್ಟೋ ಮೇಲಾಗುತ್ತಿತ್ತು.

ಈ ದಿಕ್ಕಿನಲ್ಲಿ ಸುಧಾರಣೆಯಾಗಿರುವುದನ್ನು ಹೇಳದಿದ್ದರೆ ನ್ಯಾಯವಲ್ಲ. ೨೦೧೨ರಲ್ಲಿ ಮಂಜೂರಾದ ಮುಂದಿನ ಸುಜಲ ಯೋಜನೆಯಲ್ಲಿ, ಬೀದರ್, ಕಲಬುರಗಿ, ಯಾದಗಿರಿ, ಕೊಪ್ಪಳ, ಗದಗ, ದಾವಣಗೆರೆ, ಚಾಮರಾಜನಗರ ಮೊದಲಾದ ಜಿಲ್ಲೆಗಳ ಭೂಮಿಯನ್ನು ಸರ್ವೆ ನಂಬರುವಾರು ಪರೀಕ್ಷಿಸಿ, ಮಣ್ಣಿನ ಆಳ, ಇಳಿಜಾರು, ಸಾರ, ನೀರು ಹಿಡಿಯುವ ಶಕ್ತಿಗಳನ್ನು ನಕ್ಷೆಗಿಳಿಸುವ ಭೂಸಂಪನ್ಮೂಲ ಸಮೀಕ್ಷೆಯು ಕೈಗೊಳ್ಳಲ್ಪಟ್ಟಿತು. ಇದರ ಫಲವು ಚೆನ್ನಾಗಿ ಕಂಡುಬಂದುದರಿಂದ, ೨೦೨೨ರಲ್ಲಿ ರಿವಾರ್ಡ್ ಎಂಬ ಯೋಜನೆಯು ಬೇರೆ ರೀತಿಯಲ್ಲಿ ಏರ್ಪಟ್ಟಿತು. ಅದರಲ್ಲಿ ವಿಶ್ವಬ್ಯಾಂಕಿನ ೧೧ ಕೋಟಿ ೫೦ ಲಕ್ಷ ಡಾಲರ್ ಸಾಲದ ಪೈಕಿ ಕರ್ನಾಟಕಕ್ಕೆ ೬ ಕೋಟಿ, ಒಡಿಶಾಕ್ಕೆ ೪ ಕೋಟಿ ೯೦ ಲಕ್ಷ, ಉಳಿದ ೬೦ ಲಕ್ಷವು ಕೇಂದ್ರದ ಭೂಸಂಪನ್ಮೂಲ ಇಲಾಖೆಗೆ. ಕೇಂದ್ರದ ಪಾಲು ಅಲ್ಪವಾಗಿ ಕಂಡರೂ ಅದರ ಉದ್ದೇಶವು ಮುಖ್ಯವಾದುದು. ಎರಡು ರಾಜ್ಯಗಳಲ್ಲಿ ಕಲಿತುದನ್ನು ಇತರ ರಾಜ್ಯಗಳ ಜಲಾನಯನ ಕೆಲಸಗಳಿಗೂ ಮುಟ್ಟಿಸುವುದು ಅದರ ಕೆಲಸ. ಮತ್ತೊಂದು ವಿಶೇಷವೆಂದರೆ, ಇಲ್ಲಿ ಖರ್ಚಿನ ರಸೀದಿಗೆ ಹಣವಿಲ್ಲ. ಗೊತ್ತುಪಡಿಸಿದ ಫಲವು ಕಂಡು ಪರಿಶೀಲನೆಯಾದ ಮೇಲೆ ಹಣ.

ದಾನದ ಹಣಕ್ಕೆ ಬಾಗಿಲುಗಳು ಬೇರೆ. ೧೯೯೧ರಲ್ಲಿ ಆರಂಭವಾದ ಜಾಗತಿಕ ಪರಿಸರ ನಿಧಿಯು ನಾಲ್ಕು ನಾಲ್ಕು ವರ್ಷಗಳಿಗೊಮ್ಮೆ ಹಣ ಕೂಡಿಸಿ, ಜೀವಿವೈವಿಧ್ಯ, ಹವಾಮಾನ, ನೆಲದ ಸವಕಳಿ ಎಂಬ ವಿಷಯಗಳಲ್ಲಿ ಒಂದೊಂದು ದೇಶಕ್ಕೆ ಇಂತಿಷ್ಟೆಂದು ಪಾಲು ನಿಗದಿಮಾಡುತ್ತದೆ. ಭಾರತವು ಇದಕ್ಕೆ ಹಣ ಕೊಡುವ ದೇಶವೂ ಹೌದು, ಪಡೆಯುವ ದೇಶವೂ ಹೌದು. ದೆಹಲಿಯಲ್ಲಿ ಇದಕ್ಕೆ ಇಬ್ಬರು ಅಧಿಕಾರಿಗಳು. ಹಣಕಾಸು ಮಂತ್ರಾಲಯದವರು ನೀತಿಯನ್ನೂ ದೇಶದ ವಂತಿಗೆಯನ್ನೂ ನೋಡುತ್ತಾರೆ, ಪರಿಸರ ಮಂತ್ರಾಲಯದವರು ಯೋಜನೆಗಳನ್ನು ಆರಿಸಿ ರುಜು ಹಾಕುತ್ತಾರೆ. ಆ ರುಜು ಇಲ್ಲದ ಅರ್ಜಿಯನ್ನು ನಿಧಿಯವರು ತೆಗೆದುಕೊಳ್ಳುವುದಿಲ್ಲ. ಹವಾಮಾನದ ಹಣದ ಲೆಕ್ಕಕ್ಕೆಂದೇ ಹಣಕಾಸು ಮಂತ್ರಾಲಯದಲ್ಲಿ ೨೦೧೧ರಲ್ಲಿ ಒಂದು ಪ್ರತ್ಯೇಕ ಶಾಖೆ ತೆರೆಯಲ್ಪಟ್ಟಿತು.

ಮೊದಲೆಲ್ಲ ಇಂಥ ದಾನವು ವಿಶ್ವಬ್ಯಾಂಕು ಅಥವಾ ಸಂಯುಕ್ತ ರಾಷ್ಟ್ರಗಳ ಸಂಸ್ಥೆಗಳ ಮೂಲಕವೇ ಬರಬೇಕಾಗಿದ್ದಿತು. ಅವುಗಳ ಮೇಲ್ವಿಚಾರಣೆಗೆ ಒಂದು ಪಾಲು ಸಲ್ಲುತ್ತಿತ್ತು. ಹೊಂದಾಣಿಕೆ ನಿಧಿಯೆಂಬ ಮತ್ತೊಂದು ನಿಧಿಯು, ಆಯಾ ದೇಶದ ಸ್ವಂತ ಸಂಸ್ಥೆಯೇ ಹಣ ಪಡೆಯಬಹುದೆಂಬ ಪದ್ಧತಿಗೆ ದಾರಿ ಮಾಡಿತು. ಭಾರತದಲ್ಲಿ ೨೦೧೨ರಲ್ಲಿ ಆ ಅರ್ಹತೆಯನ್ನು ಪಡೆದುದು, ರೈತರಿಗೆ ಚಿರಪರಿಚಿತವಾದ ನಬಾರ್ಡ್. ಪಶ್ಚಿಮ ಬಂಗಾಳದ ಪುರುಲಿಯಾ, ಬಾಂಕುರಾ ಜಿಲ್ಲೆಗಳ ಸಣ್ಣ ರೈತರ ಭೂಮಿಗೆ ಈ ಮಾರ್ಗವಾಗಿ ಹಣ ದೊರೆಯಿತು. ೨೦೧೫ರಲ್ಲಿ ನಬಾರ್ಡ್, ದಕ್ಷಿಣ ಕೊರಿಯಾದಲ್ಲಿ ಕಛೇರಿಯುಳ್ಳ ಹಸಿರು ಹವಾಮಾನ ನಿಧಿಯ ಮನ್ನಣೆಯನ್ನೂ ಪಡೆಯಿತು. ಇಲ್ಲಿಯೂ ಪರಿಸರ ಮಂತ್ರಾಲಯದ ನಿರಾಕ್ಷೇಪಣಾ ಪತ್ರವು ಅವಶ್ಯ.

ಈ ಏರ್ಪಾಡಿನಿಂದ ಕೆರೆಗಳಿಗೆ ಏನಾಗಬಹುದೆಂಬುದಕ್ಕೆ ಒಡಿಶಾದ ದೃಷ್ಟಾಂತವಿದೆ. ೨೦೧೭ರಲ್ಲಿ ಹಸಿರು ಹವಾಮಾನ ನಿಧಿಯು ಆ ರಾಜ್ಯದ ೧೦,೦೦೦ ಕೆರೆಗಳ ಅಂಗಳದಲ್ಲಿ ಇಂಗುಕೊಳವೆಗಳನ್ನು ಇಳಿಸಿ, ಮಳೆಗಾಲದ ನೀರನ್ನು ಭೂಮಿಯ ಒಳಗಿನ ಪದರಗಳಿಗೆ ತಲುಪಿಸುವ ಕೆಲಸಕ್ಕೆ ೩ ಕೋಟಿ ೪೪ ಲಕ್ಷ ಡಾಲರುಗಳನ್ನು ದಾನವಾಗಿ ಮಂಜೂರು ಮಾಡಿತು. ಇಡೀ ಯೋಜನೆಯ ಅಂದಾಜು ೧೬ ಕೋಟಿ ಡಾಲರುಗಳಿಗೂ ಮೇಲು. ಹೆಚ್ಚಿನ ಭಾಗವನ್ನು ರಾಜ್ಯವೂ ಸಾಲವೂ ಭರಿಸಬೇಕಾಗಿದ್ದಿತು. ದಾನವೆಂಬುದು ಹೆಚ್ಚು ಕಡಮೆ ಐದರಲ್ಲಿ ಒಂದು ಪಾಲು. ಆದರೂ ಆ ಒಂದು ಪಾಲು ಒಡಿಶಾಕ್ಕೆ ದೊರೆತುದು, ಅಲ್ಲಿಯ ಜಲಸಂಪನ್ಮೂಲ ಇಲಾಖೆಯವರು ಕೆರೆಗಳ ಯೋಜನೆಯನ್ನು ಸಿದ್ಧವಾಗಿಟ್ಟುಕೊಂಡು ನಬಾರ್ಡಿನ ಬಾಗಿಲಿಗೆ ಹೋದುದರಿಂದ. ಕೆರೆಗಳ ಸಂಖ್ಯೆಯಲ್ಲಿ ಕರ್ನಾಟಕವೇನೂ ಹಿಂದಿಲ್ಲ.

ದಾನದ ಮೇಲೆಯೇ ಕಣ್ಣಿಟ್ಟು ಕುಳಿತಿರುವುದೂ ಉಚಿತವಲ್ಲ. ಸಿರಿವಂತ ದೇಶಗಳು ೨೦೨೦ರ ವೇಳೆಗೆ ವರ್ಷಕ್ಕೆ ೧೦,೦೦೦ ಕೋಟಿ ಡಾಲರ್ ಒದಗಿಸುವುದಾಗಿ ೨೦೦೯ರಲ್ಲಿ ಮಾತು ಕೊಟ್ಟು, ಆ ಗಡುವನ್ನು ತಪ್ಪಿಸಿದವು. ೨೦೨೪ರಲ್ಲಿ ಬಾಕು ನಗರದಲ್ಲಿ ಅದನ್ನು ೨೦೩೫ರ ವೇಳೆಗೆ ೩೦,೦೦೦ ಕೋಟಿಗೆ ಏರಿಸುವುದೆಂದಾದಾಗ, ಅದು ಸಾಲದೆಂದು ಭಾರತದ ಪ್ರತಿನಿಧಿಗಳು ಸಭೆಯಲ್ಲಿಯೇ ಆಕ್ಷೇಪಿಸಿದರು. ಕೇಂದ್ರ ಸರ್ಕಾರವು ೨೦೧೫ರಲ್ಲಿ ೩೫೦ ಕೋಟಿ ರೂಪಾಯಿಗಳ ಸ್ವದೇಶೀ ಹೊಂದಾಣಿಕೆ ನಿಧಿಯನ್ನು ನಬಾರ್ಡಿನ ಮೂಲಕ ಆರಂಭಿಸಿದುದು ಈ ಕೊರತೆಯನ್ನು ಬಲ್ಲುದರಿಂದಲೇ ಎನ್ನಬಹುದು. ಅದರಿಂದ ಕರ್ನಾಟಕದ ನಾಟಿ ದನ, ಕುರಿತಳಿಗಳ ಸಂರಕ್ಷಣೆಗೆ ಹಣ ದೊರೆಯಿತು. ೨೦೨೨ರಲ್ಲಿ ಆ ನಿಧಿಯು ಯೋಜನೆಯ ರೂಪವನ್ನು ಕಳೆದುಕೊಂಡಿತು.

ಖಾಸಗಿ ಸಂಸ್ಥೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಹೊರದೇಶದ ದಾನ ಪಡೆಯುವ ಸಂಘಗಳು ೨೦೧೦ರ ವಿದೇಶೀ ವಂತಿಗೆ ಕಾನೂನಿನಂತೆ ನೋಂದಣಿ ಹೊಂದಿರಬೇಕು. ೨೦೨೦ರ ತಿದ್ದುಪಡಿಯಿಂದ ಆ ಹಣವನ್ನು ಮತ್ತೊಂದು ಸಂಘಕ್ಕೆ ದಾಟಿಸುವುದು ನಿಷಿದ್ಧವಾಗಿದೆ. ಪಟ್ಟಣದ ಯಾವುದಾದರೊಂದು ಸಂಸ್ಥೆಯವರು ವಿದೇಶದ ಹಣವನ್ನು ಊರಿನ ಯುವಕ ಸಂಘದ ಖಾತೆಗೆ ಹಾಕುತ್ತೇವೆಂದು ಬಂದರೆ, ರುಜು ಹಾಕುವ ಮೊದಲು ಇದನ್ನು ನೆನೆಯುವುದು ಕ್ಷೇಮ.

ಊರಿನವರು ಮಾಡಬೇಕಾದ ಕೆಲಸವು ಇದರಿಂದ ತಾನಾಗಿ ತಿಳಿಯುತ್ತದೆ. ಯೋಜನೆಯ ಅಧಿಕಾರಿಗಳು ಗ್ರಾಮಸಭೆಗೆ ಬಂದಾಗ ಹಣವು ಸಾಲವೋ ದಾನವೋ, ಹಳ್ಳದ ಮೇಲೆ ಬೇರೆ ಇಲಾಖೆಯ ಕೆಲಸವೇನಾದರೂ ಇದೆಯೋ, ಯೋಜನೆ ಮುಗಿದ ಮೇಲೆ ಕೋಡಿ ತೂಬುಗಳ ದುರಸ್ತಿಗೆ ಹಣವೆಲ್ಲಿಯದು ಎಂದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಬೇಕು. ಸಮೀಕ್ಷೆಯಾಗಿರುವ ಗ್ರಾಮಗಳ ಹಿಡುವಳಿದಾರರು ತಮ್ಮ ಸರ್ವೆ ನಂಬರಿನ ಮಣ್ಣಿನ ಕಾರ್ಡನ್ನು ಕೇಳಿ ಪಡೆದಿಟ್ಟುಕೊಂಡು, ಬದುವಿನ ಅಳತೆಯನ್ನು ಅದರೊಡನೆ ತಾಳೆ ನೋಡಬೇಕು. ಕೆರೆಯ ಒತ್ತುವರಿಯಿದ್ದಲ್ಲಿ ಯಾವ ನಿಧಿಯವರ ಅರ್ಜಿಯೂ ಮುಂದೆ ಸಾಗುವುದು ಕಷ್ಟ. ತಗಾದೆಯು ತೀರುವಷ್ಟರಲ್ಲಿ ನಾಲ್ಕು ವರ್ಷದ ಪಾಲು ಬೇರೆಯವರಿಗೆ ಸಂದಿರುತ್ತದೆ. ಆದುದರಿಂದ ಅಂಗಳದ ಗಡಿಯನ್ನು ಬೇಸಗೆಯಲ್ಲಿ ನೀರು ಇಳಿದಿರುವಾಗಲೇ ಅಳೆಯಿಸಿ ಕಲ್ಲು ನೆಡಿಸಿ, ನಕಾಶೆಯ ಪ್ರತಿಯನ್ನು ಪಂಚಾಯಿತಿಯಲ್ಲಿ ಇಡಿಸುವುದು ಒಳ್ಳೆಯದು. ಮುಂಗಾರು ಹಿಡಿದ ಮೇಲೆ ಮೋಜಣಿದಾರರನ್ನು ಕರೆಯಿಸಿದರೆ ಅವರು ನಿಲ್ಲುವುದಕ್ಕೂ ಅಲ್ಲಿ ನೆಲ ಸಿಕ್ಕುವುದಿಲ್ಲ.